ಕಡಲಿಲ್ಲದ ಕೋರಮಂಡಲ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಟ ರೈಲು ಗಣಿಸೀಮೆಯನ್ನು ಪ್ರವೇಶಿಸುವಲ್ಲಿ ಒಂದು ಪುಟ್ಟ ನಿಲ್ದಾಣ ಎದುರಾಗುತ್ತದೆ. ಫಲಕದ ಮೇಲಿನ ಹೆಸರು ‘ಕೋರಮಂಡಲ್’. ಮೊದಲ ಸಲ ಈ ಹಾದಿಯಲ್ಲಿ ಬಂದ ಪ್ರಯಾಣಿಕ ಆ ಹೆಸರನ್ನು ಎರಡು ಬಾರಿ ಓದಿಕೊಳ್ಳುತ್ತಾನೆ. ಭೂಪಟದಲ್ಲಿ ಕೋರಮಂಡಲವೆಂದರೆ ಬಂಗಾಳ ಕೊಲ್ಲಿಯ ಅಂಚಿನ ತಮಿಳು ಕರಾವಳಿ. ಇಲ್ಲಿಂದ ಆ ಕಡಲು 200 ಕಿಲೋಮೀಟರಿಗೂ ದೂರ, ಈ ನೆಲವೋ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರ. ಸುತ್ತ ಕಾಣುವುದು ಕುರುಚಲು ಪೊದೆ, ಬಂಡೆ, ಜಾಲಿ, ದೂರದಲ್ಲಿ ಬೂದುಬಣ್ಣದ ದಿಬ್ಬಗಳು. ಗಾಡಿಯಲ್ಲಿದ್ದ ಉಳಿದವರಾರೂ ಫಲಕದ ಕಡೆ ತಲೆಯೆತ್ತುವುದಿಲ್ಲ. ಅವರಿಗೆ ಅದು ಇಳಿಯಬೇಕಾದ ಊರು, ಅಷ್ಟೆ.

ಈ ಪ್ರಯಾಣಿಕ ಸಾಹಿತ್ಯದ ವಿದ್ಯಾರ್ಥಿ. ಆತನ ಚೀಲದಲ್ಲಿ ಒಂದು ನೀರಿನ ಬಾಟಲಿ, ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದ ಕೆಲವು ಪುಟಗಳ ಪ್ರತಿ, ಮತ್ತು ರಜೆಯ ಒಂದು ದಿನವನ್ನು ಎಲ್ಲಾದರೂ ಕಳೆದು ಬರಬೇಕೆಂಬ ಹವಣಿಕೆ. ಕಡಲ ತೀರಕ್ಕೆ ಹೋಗಲು ಬಿಡುವೂ ಹಣವೂ ಇಲ್ಲದವನು ಬೆಂಗಳೂರಿನಿಂದ ಹೋಗಿ ಸಂಜೆಗೆ ಮರಳಬಹುದಾದ ಜಾಗವೆಂದು ಕೋಲಾರ ಚಿನ್ನದ ಗಣಿಯನ್ನು ಆಯ್ದುಕೊಂಡಿದ್ದ. ಆದರೆ ಹೊರಟಾಗಲೇ ಆತನಿಗೆ ಒಂದು ಸಂಗತಿ ಗಮನಕ್ಕೆ ಬಂದಿತ್ತು: ಈ ಹಾದಿಯ ವೇಳಾಪಟ್ಟಿ ಬರುವವರಿಗಾಗಿ ಬರೆದುದಲ್ಲ. ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡುವ ಗಾಡಿಗಳು ಊರನ್ನೇ ತುಂಬಿಕೊಂಡು ಬೆಂಗಳೂರಿಗೆ ಒಯ್ಯುತ್ತವೆ. ಇರುಳಿನಲ್ಲಿ ಮರಳಿ ತಂದು ಇಳಿಸುತ್ತವೆ. ಬೆಳಗ್ಗೆ ಗಣಿಯ ಕಡೆ ಮುಖ ಮಾಡಿದವನು ಹೊಳೆಯ ಸೆಳೆತಕ್ಕೆ ಎದುರಾಗಿ ಈಜುವವನಂತೆ. ಆತ ಕುಳಿತ ಡಬ್ಬಿ ಬಹುಮಟ್ಟಿಗೆ ಬರಿದಾಗಿತ್ತು. ಎದುರು ಹಳಿಯಲ್ಲಿ ಹಾದುಹೋದ ಗಾಡಿಯ ಬಾಗಿಲುಗಳಲ್ಲಿ ಜನ ಜೋತುಬಿದ್ದಿದ್ದರು.

ದಾರಿಯ ಚರಿತ್ರೆಯನ್ನು ಇಲ್ಲಿ ಸ್ಥೂಲವಾಗಿ ನೆನೆಯಬಹುದು. ಮದರಾಸು ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರಿನ ದಂಡುಪ್ರದೇಶಕ್ಕೆ ಹಳಿ ಹಾಕಿ ಮುಗಿಸಿದ್ದು 1864ರಲ್ಲಿ. ಆ ಹಾದಿಯ ಮೇಲೆ, ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ ಬೆಳೆದ ಪೇಟೆಗೆ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರು ಬಂತು. ಆ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಪರಭಾಷೆಯ ವ್ಯಕ್ತಿನಾಮವೊಂದು ನಾಡಿನ ನಾಲಗೆಯ ಮೇಲೆ ಬಂಗಾರವಾಯಿತು. ಪಕ್ಕದಲ್ಲೇ ಚಿನ್ನದ ಗಣಿ ಇದ್ದುದರಿಂದ ಆ ಹೆಸರಿಗೆ ಅರ್ಥವೂ ಒದಗಿತು. ಇಲ್ಲಿಂದ ಗಣಿಗೆ 16 ಕಿಲೋಮೀಟರಿನ ಕವಲುಹಾದಿ ತೆರೆದದ್ದು 1894ರಲ್ಲಿ. ಜಿಲ್ಲೆಯ ಹೆಸರಿನ ಊರಾದ ಕೋಲಾರಕ್ಕೆ ಇದೇ ಜಂಕ್ಷನ್ನಿನಿಂದ ಕಿರಿಹಳಿಯ ರೈಲು ಬಂದದ್ದು 1913ರಲ್ಲಿ. ಪ್ರಾಚೀನ ರಾಜಧಾನಿ ರೈಲಿಗಾಗಿ ಗಣಿಗಿಂತ ಹತ್ತೊಂಬತ್ತು ವರ್ಷ ಹೆಚ್ಚಾಗಿ ಕಾಯಬೇಕಾಯಿತು. ಹಳಿ ಯಾರಿಗಾಗಿ ಹಾಕಲ್ಪಡುತ್ತದೆ ಎಂಬ ಪ್ರಶ್ನೆಗೆ ಈ ಎರಡು ಇಸವಿಗಳಲ್ಲೇ ಉತ್ತರವಿದೆ.

ಬಂಗಾರಪೇಟೆಯಲ್ಲಿ ಗಾಡಿ ಬದಲಿಸಬೇಕಾದವನಿಗೆ ಕಾಯುವ ಹೊತ್ತು ಸಿಗುತ್ತದೆ. ಇಲ್ಲಿಯ ಪಾನಿಪುರಿ ಈಚಿನ ದಶಕಗಳಲ್ಲಿ ನಾಡಿನಾದ್ಯಂತ ಹೆಸರಾಗಿದೆ. ಅದರ ಪಾನಿ ಹಸಿರಲ್ಲ, ಕಂದಲ್ಲ; ಕುಡಿಯುವ ನೀರಿನಂತೆ ತಿಳಿ. ಬಾಯಿಗಿಟ್ಟಾಗಲೇ ಖಾರ ತಿಳಿಯುವುದು. ಆದರೆ ಅದು ಸಂಜೆಯ ತಿನಿಸು. ಬೆಳಗಿನ ಪ್ರಯಾಣಿಕನಿಗೆ ಇಡ್ಲಿಯೇ ಗತಿ. ಅಂಗಡಿಯವನು ಪಕ್ಕದವನೊಡನೆ ತೆಲುಗಿನಲ್ಲಿ ಮಾತಾಡುತ್ತ, ಗಿರಾಕಿಗೆ ಕನ್ನಡದಲ್ಲಿ ಲೆಕ್ಕ ಹೇಳಿ, ಹುಡುಗನನ್ನು ತಮಿಳಿನಲ್ಲಿ ಕರೆದ. ಮೂರು ಭಾಷೆಗಳು ಒಂದೇ ತಟ್ಟೆಯ ಮೇಲೆ ಹಾದುಹೋದವು. ಯಾವುದೂ ಮತ್ತೊಂದಕ್ಕೆ ಅಡ್ಡಬರಲಿಲ್ಲ.

ಇನ್ನು ಆ ಫಲಕದ ಹೆಸರಿನ ವಿಚಾರ. ಕೋಲಾರದ ಗಣಿಗಳನ್ನು ನಡೆಸಿದ ಬ್ರಿಟಿಷ್ ಕಂಪನಿಗಳು ತಮ್ಮ ಗಣಿಗಳಿಗೆ ಇಟ್ಟ ಹೆಸರುಗಳು ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್, ಕೋರಮಂಡಲ್ ಮುಂತಾದವು. ಲಂಡನ್ನಿನಲ್ಲಿ ಷೇರು ಕೊಳ್ಳುವವರ ಕಿವಿಗೆ ಪರಿಚಿತವಾಗಿದ್ದ ಕರಾವಳಿಯ ಹೆಸರು ಹೀಗೆ ಬೆಟ್ಟದ ನಾಡಿಗೆ ಬಂದಿರಬೇಕು. ‘ಕೋರಮಂಡಲ್’ ಎಂಬುದು ‘ಚೋಳಮಂಡಲ’ದ ಐರೋಪ್ಯ ಉಚ್ಚಾರ ಎಂಬುದು ವಿದಿತವೇ. ಸ್ವಾರಸ್ಯವಿರುವುದು ಇದರ ಮುಂದೆ. ಪ್ರಯಾಣಿಕನ ಚೀಲದಲ್ಲಿದ್ದ ಶಾಸನಪುಟಗಳಲ್ಲಿ, ಹನ್ನೊಂದನೆಯ ಶತಮಾನದಲ್ಲಿ ಚೋಳರು ಗೆದ್ದ ಈ ಕುವಳಾಲನಾಡು ಸೇರಿದ್ದ ಆಡಳಿತ ವಿಭಾಗದ ಹೆಸರು ಸಿಗುತ್ತದೆ: ನಿಗರಿಲಿ ಚೋಳಮಂಡಲ. ಅಂದರೆ ಈ ನೆಲ ಒಂದು ಕಾಲಕ್ಕೆ ಹೆಸರಿನಲ್ಲಿಯೇ ಚೋಳಮಂಡಲವಾಗಿತ್ತು. ಕಂಪನಿಯವರಿಗೆ ಅದು ತಿಳಿದಿತ್ತೆಂದು ಊಹಿಸಲು ಕಾರಣವಿಲ್ಲ. ಆದರೂ ಕರಾವಳಿಯನ್ನು ಸುತ್ತಿ, ಪೋರ್ಚುಗೀಸರ, ಡಚ್ಚರ, ಇಂಗ್ಲಿಷರ ಬಾಯಲ್ಲಿ ರೂಪಗೆಟ್ಟ ಹೆಸರೊಂದು ಎಂಟುನೂರು ವರ್ಷಗಳ ತರುವಾಯ ತನ್ನ ಹಳೆಯ ನೆಲೆಯೊಂದಕ್ಕೆ ಬಂದು ರೈಲುನಿಲ್ದಾಣದ ಫಲಕವನ್ನೇರಿದೆ.

ಕರಾವಳಿಯಿಂದ ಇಲ್ಲಿಗೆ ಬಂದದ್ದು ಹೆಸರೊಂದೇ ಅಲ್ಲ. 1880ರಿಂದ ಗಣಿಗಳ ಆಡಳಿತ ವಹಿಸಿದ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆ ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಸೀಮೆಯಿಂದ ಅನುಭವಸ್ಥ ಗಣಿಗಾರರನ್ನು ಕರೆಸಿತು. ಮೂರು ಕಡೆ ಸಮುದ್ರ ಸುತ್ತಿದ ಆ ನಾಡಿನಲ್ಲಿ ತಾಮ್ರ, ತವರಗಳ ಗಣಿಗಳು ಮುಚ್ಚತೊಡಗಿದಾಗ ಅಲ್ಲಿಯ ಕುಶಲ ಕಾರ್ಮಿಕರು ಜಗತ್ತಿನೆಲ್ಲೆಡೆ ಚೆದುರಿದರು. ಸೂಯೆಜ್ ಕಾಲುವೆಯ ಹಡಗಿನಲ್ಲಿ ಬಂದು, ರೈಲಿನಲ್ಲಿ ಬೌರಿಂಗ್‌ಪೇಟೆಗೆ ತಲುಪಿ, 1894ಕ್ಕೆ ಮುಂಚೆಯಾದರೆ ಅಲ್ಲಿಂದ ಗಾಡಿದಾರಿಯಲ್ಲಿ ಗಣಿ ಸೇರಿದವರು ಅವರು. ತಮ್ಮೊಡನೆ ಒಂದು ಪದವನ್ನೂ ತಂದರು. ಕಾರ್ನ್‌ವಾಲಿನಲ್ಲಿ ಗಣಿಯ ಮೇಲ್ವಿಚಾರಕನಿಗೆ ‘ಕ್ಯಾಪ್ಟನ್’ ಎನ್ನುವುದು ವಾಡಿಕೆ. ಕಡಲೇ ಇಲ್ಲದ ಕೋಲಾರದಲ್ಲಿ, ನೆಲದೊಳಗೆ ಇಳಿಯುವವರ ನಾಯಕ ಹೀಗೆ ಕ್ಯಾಪ್ಟನ್ ಎನಿಸಿಕೊಂಡ.

ಪೂರ್ವದಿಂದ ಬಂದವರು ಬಹುಸಂಖ್ಯಾತರು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಮೊದಲಾದ ಕಡೆಗಳಿಂದ ಬರಗಾಲವನ್ನೂ ಜಾತಿಯ ಜೀತವನ್ನೂ ಬಿಟ್ಟು ಬಂದ ತಮಿಳು, ತೆಲುಗು ಕುಟುಂಬಗಳು. ಅವರಲ್ಲಿ ದಲಿತರೇ ಹೆಚ್ಚು. ಹಡಗಿನಲ್ಲಿ ಬಂದವರಿಗೆ ಹಂಚಿನ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ; ನಡೆದು ಬಂದವರಿಗೆ ಒಂದೇ ಕೋಣೆಯ ಮನೆಗಳ ಸಾಲು, ‘ಲೈನು’. ಆದರೆ ಚಿನ್ನವನ್ನು ಮೊದಲು ಬಲ್ಲವರು ಹಡಗಿನವರಲ್ಲ. ಸರ್ವೆಗೆಂದು 1802ರಲ್ಲಿ ಈ ಭಾಗಕ್ಕೆ ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಮಣ್ಣು ತೊಳೆದು ಚಿನ್ನ ತೆಗೆದು ತೋರಿಸಿದವರು ಊರಿಗಾಂ ಸುತ್ತಲಿನ ಹಳ್ಳಿಗರು. ಊರಿಗಾಂ, ಮಾರಿಕುಪ್ಪಂ ಎರಡೂ ರೈಲಿಗಿಂತ, ಕಂಪನಿಗಿಂತ ಹಳೆಯ ಊರುಗಳು. ‘ಕುಪ್ಪಂ’ ಎಂದರೆ ಸಣ್ಣ ಹಳ್ಳಿ. ಚೆನ್ನೈ ಕರಾವಳಿಯಲ್ಲಿ ಮೀನುಗಾರರ ಕೇರಿಗಳಿಗೆ ಇಂದಿಗೂ ಇದೇ ಪದ: ನೊಚ್ಚಿಕುಪ್ಪಂ, ಅಯೋಧ್ಯಾಕುಪ್ಪಂ. ಕೋರಮಂಡಲದಿಂದ ಮಾರಿಕುಪ್ಪಂವರೆಗಿನ ಈ ಕೆಲವೇ ಕಿಲೋಮೀಟರ್‌ಗಳಲ್ಲಿ ಕಡಲು ಕಾಣುವುದಿಲ್ಲ. ಅದರ ಪದಗಳು ಮಾತ್ರ ಸಾಲಾಗಿ ನಿಂತಿವೆ.

ಕೋರಮಂಡಲದಲ್ಲಿ ಇಳಿದವನು ಮುಂದಿನ ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳವರೆಗೆ ನಡೆಯುತ್ತ, ನಡುನಡುವೆ ಹಂಚಿಕೆಯ ಆಟೋ ಹಿಡಿಯುತ್ತ ಸುತ್ತಬಹುದು. ಸಂತೆ, ಬಸ್ಸು, ಆಸ್ಪತ್ರೆಗಳ ಸಡಗರ ಬೇಕಾದರೆ ರಾಬರ್ಟ್‌ಸನ್‌ಪೇಟೆಗೆ ಹೋಗಬೇಕು. ಚಾಂಪಿಯನ್ ಕಡೆಯವರಿಗೆ ಆಂಡರ್ಸನ್‌ಪೇಟೆ ಹತ್ತಿರ. ಬಿಸಿಲೇರುವ ಮೊದಲು ಹೊರಡುವುದು ಲೇಸು, ನೆರಳು ಕಡಮೆ. ಗೇಟು ಹಾಕಿದ ಗಣಿ ಆವರಣಗಳನ್ನು ಹೊರಗಿನಿಂದಲೇ ನೋಡಬೇಕು; ಶಾಫ್ಟುಗಳ ಮೇಲಿನ ಕಬ್ಬಿಣದ ಗೋಪುರಗಳು ರಸ್ತೆಗೇ ಕಾಣುತ್ತವೆ.

ಆ ಗೋಪುರಗಳ ಕೆಳಗಿದ್ದುದೇ ಈ ಊರಿನ ನಿಜವಾದ ಹೆದ್ದಾರಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 16 ಕಿಲೋಮೀಟರ್ ಅಡ್ಡದಾರಿ. ಚಾಂಪಿಯನ್ ರೀಫಿನ ಆಳ 3 ಕಿಲೋಮೀಟರಿಗೂ ಹೆಚ್ಚು ಲಂಬದಾರಿ. ಕಾರ್ಮಿಕ ದಿನವೂ ಕೇಜಿನಲ್ಲಿ ನಿಂತು ಅಲ್ಲಿಗೆ ಇಳಿಯುತ್ತಿದ್ದ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆ ತಾನಾಗಿ ಸಿಡಿಯುವುದಿತ್ತು. ಆ ಅದುರಿಗೆ ಮೇಲಿನ ಮನೆಗಳಲ್ಲಿ ಪಾತ್ರೆಗಳು ನಡುಗಿದರೆ ಹೆಂಗಸರು ಹೊರಗೆ ಬಂದು ಶಾಫ್ಟಿನ ಕಡೆ ನೋಡುತ್ತಿದ್ದರು. ಈ ಆಳಕ್ಕಾಗಿಯೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಇಲ್ಲಿಗೆ ಬಂತು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಇದೇ ಆಳಕ್ಕೆ 1960ರ ದಶಕದಲ್ಲಿ ಭೌತವಿಜ್ಞಾನಿಗಳೂ ಇಳಿದರು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ತಂಡ ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊ ಕಣಗಳ ಸುಳಿವನ್ನು 1965ರಲ್ಲಿ ಇಲ್ಲಿ ಗುರುತಿಸಿತು. ಆಕಾಶದ ಕಣವನ್ನು ಹಿಡಿಯಲು ಭೂಮಿಯ ಹೊಟ್ಟೆಗೆ ಹೋಗಬೇಕಾಯಿತು.

ಚಾಂಪಿಯನ್ ಬಳಿಯ ಲೈನುಗಳ ನಡುವೆ, ಬೇವಿನ ಮರದಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಪ್ರಯಾಣಿಕನನ್ನು ಮಾತಾಡಿಸಿದರು. ಇಪ್ಪತ್ತೆಂಟು ವರ್ಷ ನೆಲದಡಿ ದುಡಿದವರು. ಸಿನಿಮಾ ಚಿತ್ರೀಕರಣದ ಗುಡ್ಡಕ್ಕೆ ದಾರಿ ಯಾವುದೆಂದು ಕೇಳಬಹುದೆಂದು ಅವರು ಮೊದಲೇ ಕೈ ತೋರಿಸಿಬಿಟ್ಟರು. ಆತ ಬಂದದ್ದು ಅದಕ್ಕಲ್ಲವೆಂದಾಗ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಕೋರಮಂಡಲ ಎಂಬ ಹೆಸರಿನ ವಿಚಾರ ಎತ್ತಿದಾಗ ನಕ್ಕು, ತಾವು ಆ ಕಡಲನ್ನು ನೋಡಿರುವುದಾಗಿ ಹೇಳಿದರು. ಸೆಪ್ಟೆಂಬರ್ ಮೊದಲ ವಾರ ವೇಳಾಂಗಣ್ಣಿ ಮಾತೆಯ ಹಬ್ಬಕ್ಕೆ ಲೈನಿನ ಕುಟುಂಬಗಳು ಕೂಡಿ ಹೋಗುತ್ತಿದ್ದವಂತೆ. ಬುತ್ತಿ ಕಟ್ಟಿಕೊಂಡು, ಗಾಡಿ ಬದಲಿಸುತ್ತ, ರಾತ್ರಿಯೆಲ್ಲ ಎಚ್ಚರವಿದ್ದು ನಾಗಪಟ್ಟಣದ ಸೀಮೆಗೆ. ಅಲ್ಲಿ ಮೊದಲ ಸಲ ಅಲೆಗೆ ಕಾಲು ಕೊಟ್ಟಾಗ ಕಾಲಡಿಯ ಮರಳು ಜಾರಿತು. ಅವರು ಹೆದರಿ ಹಿಂದೆ ಸರಿದರು. ಗಣಿಯೊಳಗೆ ಕಾಲಡಿಯ ಮಣ್ಣು ಸರಿದರೆ ಓಡಬೇಕೆಂಬುದು ಮೈಗೆ ಕಲಿಸಿದ್ದ ಪಾಠ. ಹೆಂಡತಿ ಮಕ್ಕಳು ನಕ್ಕದ್ದನ್ನು ಅವರು ಈಗಲೂ ನೆನೆಯುತ್ತಾರೆ.

ಗುಡ್ಡಗಳ ಮಾತೂ ಬಂತು. ಪುಡಿಮಾಡಿದ ಅದಿರಿನಿಂದ ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಹುಡಿ ಅದು. ಒಂದು ಶತಮಾನಕ್ಕೂ ಮಿಕ್ಕಿದ ಕಾಲದಲ್ಲಿ ಈ ನೆಲದಿಂದ ಹೋದ ಚಿನ್ನ ಸುಮಾರು 800 ಟನ್. ಇಲ್ಲಿ ಉಳಿದದ್ದು ಈ ದಿಬ್ಬಗಳು. ಛಾಯಾಚಿತ್ರದಲ್ಲಿ ಅವು ಕಡಲಂಚಿನ ಮರಳುದಿಣ್ಣೆಗಳಂತೆ ಕಾಣುತ್ತವೆ. 2018ರಲ್ಲಿ ‘ಕೆಜಿಎಫ್’ ಚಲನಚಿತ್ರ ತೆರೆಕಂಡ ಬಳಿಕ ಅವುಗಳನ್ನು ಹತ್ತಿ ಚಿತ್ರ ತೆಗೆಸಿಕೊಳ್ಳಲು ಬರುವವರು ಹೆಚ್ಚಿದ್ದಾರೆ. ಅವರು ಅರ್ಧ ಗಂಟೆ ನಿಂತು ಹೋಗುತ್ತಾರೆ. ಗಾಳಿ ಎದ್ದ ದಿನಗಳಲ್ಲಿ ಅದೇ ಹುಡಿ ಲೈನುಗಳ ಅನ್ನದ ಪಾತ್ರೆಗೂ ಮಕ್ಕಳ ಉಸಿರಿಗೂ ಬಂದು ಕೂರುತ್ತದೆ. ಹಿರಿಯರು ಮುಚ್ಚಿದ್ದ ಮನೆಯ ಕಿಟಕಿಯನ್ನು ತೋರಿಸಿ ಹೇಳಿದ್ದು ಇಷ್ಟೆ: ‘ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ಮನೆ ನೋಡಿ ಹೋಗಿ.’

ಆ ಮಾತಿನ ತೂಕ ತಿಳಿಯಲು ಮತ್ತೆ ಕಾರ್ನ್‌ವಾಲಿನತ್ತ ನೋಡಬೇಕು. ಎರಡು ಸೀಮೆಗಳ ಚರಿತ್ರೆ ಕೊನೆಯಲ್ಲೂ ಜೊತೆಜೊತೆಯಾಗಿಯೇ ನಡೆಯಿತು. ಅಲ್ಲಿಯ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರ ಮಾರ್ಚಿನಲ್ಲಿ ಮುಚ್ಚಿತು. ಕೋಲಾರದ ಗಣಿ 2001ರ ಫೆಬ್ರವರಿ 28ರಂದು. ಆದರೆ ಕಾರ್ನ್‌ವಾಲಿಗೆ ಕಡಲಿತ್ತು. 1859ರಲ್ಲಿ ಟೇಮರ್ ನದಿಗೆ ಬ್ರುನೆಲ್ ಕಟ್ಟಿದ ಸೇತುವೆ ಆ ಸೀಮೆಯನ್ನು ದೇಶದ ರೈಲುಜಾಲಕ್ಕೆ ಬೆಸೆದಿತ್ತು; 1877ರಲ್ಲಿ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿಗೆ ಏಳು ಕಿಲೋಮೀಟರಿನಷ್ಟು ಕಿರಿದಾದ ಕವಲುಹಾದಿ ಬಂದಿತ್ತು. ಮೀನು ಸಾಗಿಸುತ್ತಿದ್ದ ಹಳಿ ಬರಬರುತ್ತ ರಜೆಯ ಪ್ರವಾಸಿಗರನ್ನು ಹೊತ್ತಿತು. ಪಾಳುಬಿದ್ದ ಎಂಜಿನ್ ಮನೆಗಳ ಸಹಿತ ಅಲ್ಲಿಯ ಗಣಿಭೂಮಿಗೆ 2006ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಮನ್ನಣೆ ಕೊಟ್ಟಿತು. ಇಷ್ಟನ್ನು ಓದಿದವರಿಗೆ ಕೋಲಾರಕ್ಕೂ ಇಂಥದೊಂದು ಭಾಗ್ಯ ಬರಬಾರದೇ ಎನಿಸುವುದು ಸಹಜ. ಮುಂದಿನದನ್ನೂ ಓದಬೇಕು. ರಜೆಯ ಮನೆಗಳನ್ನು ಕೊಳ್ಳುವ ಹೊರಗಿನವರಿಂದ ಬೆಲೆ ಏರಿ, ಊರಿನವರಿಗೇ ಊರಿನಲ್ಲಿ ಮನೆ ಸಿಗದಂತಾಯಿತು. ಹೊಸದಾಗಿ ಕಟ್ಟುವ ಮನೆಗಳಲ್ಲಿ ವರ್ಷವಿಡೀ ವಾಸಿಸುವವರೇ ಇರಬೇಕೆಂಬ ನಿಯಮಕ್ಕೆ ಸೇಂಟ್ ಐವ್ಸ್‌ನ ಜನ 2016ರಲ್ಲಿ ಮತ ಹಾಕಬೇಕಾಯಿತು. ಮಾಳಿಗೆಗೆ ಮನ್ನಣೆ ಬಂದಾಗ ಮನೆಯವರು ಎಲ್ಲಿರುತ್ತಾರೆಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಕಂಪನಿಯ ಲೈನಿನಲ್ಲಿ ಹುಟ್ಟಿ, ಕಂಪನಿ ಮುಚ್ಚಿದ ಮೇಲೂ ಅಲ್ಲಿಯೇ ಬಾಳುತ್ತಿರುವವರಿಗೆ ಅದು ಇನ್ನೂ ಹರಿತವಾದ ಪ್ರಶ್ನೆ.

ಮನೆ ನೋಡುವುದೆಂದರೆ ಏನು ನೋಡುವುದು? ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಮಾಡಬೇಕಾದ ಕೆಲಸವಿದೆ. ಕೋಲಾರ ಜಿಲ್ಲೆ ಕನ್ನಡಕ್ಕೆ ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನೂ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರನ್ನೂ ಕೊಟ್ಟಿತು. ಅದೇ ಕಾಲದಲ್ಲಿ ಅದೇ ಜಿಲ್ಲೆಯ ಗಣಿಯ ಲೈನುಗಳಲ್ಲಿ ಮತ್ತೊಂದು ಅಕ್ಷರಲೋಕ ತಮಿಳಿನಲ್ಲಿ ಅರಳುತ್ತಿತ್ತು. ಅಯೋತ್ತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫುಗಳಲ್ಲಿ ಬೇರೂರಿದವು. ಪಂಡಿತರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ತಮಿಳನ್’ ಪತ್ರಿಕೆಗೆ ಅವರ ನಿಧನಾನಂತರ, 1926ರಲ್ಲಿ, ಜಿ. ಅಪ್ಪಾದುರೈ ಅವರು ಚಿನ್ನದ ಗಣಿಯಲ್ಲಿ ಮರುಹುಟ್ಟು ಕೊಟ್ಟರು. ಪಂಡಿತರ ಬರಹಗಳನ್ನು ಪುಸ್ತಕಗಳಾಗಿ ಉಳಿಸಿದ್ದು ಇಲ್ಲಿಯ ಸಿದ್ಧಾರ್ಥ ಪ್ರಕಾಶನ. ಹಗಲು ನೆಲದ ಆಳದಲ್ಲಿ ದುಡಿದವರು ಇರುಳು ಸಭೆ ಸೇರಿ ಪತ್ರಿಕೆ ಓದಿದ ನೆಲ ಇದು. 1930ರಲ್ಲಿ ತಮ್ಮ ಬೆರಳಚ್ಚು ಪಡೆಯುವ ಕ್ರಮವನ್ನು ವಿರೋಧಿಸಿ ಮುಷ್ಕರ ಹೂಡಿದವರೂ ಇವರೇ. ಕನ್ನಡ ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಈ ಓದುಗವರ್ಗಕ್ಕೆ ಸಿಕ್ಕ ಜಾಗ ಅತ್ಯಲ್ಪ. ಬೇರೆ ಭಾಷೆಯಲ್ಲಿ ಬರೆದರೆಂಬ ಕಾರಣಕ್ಕೆ ಕನ್ನಡ ನಾಡಿನ ಚರಿತ್ರೆಯಿಂದ ಅವರು ಹೊರಗುಳಿಯಬೇಕಿಲ್ಲ. ಈ ಜಿಲ್ಲೆಯ ತಮಿಳು ಶಾಸನಗಳನ್ನು ನಮ್ಮ ಚರಿತ್ರೆಯೆಂದೇ ಓದಿಕೊಂಡು ಬಂದವರಲ್ಲವೇ ನಾವು?

ಸಂಜೆಯ ಮುನ್ನ ಹೊತ್ತಿದ್ದರೆ ಪೂರ್ವಕ್ಕೆ ಬೇತಮಂಗಲದವರೆಗೆ ಬಸ್ಸಿನಲ್ಲಿ ಹೋಗಿಬರಬಹುದು. ಶಾಸನಗಳ ವಿಜಯಾದಿತ್ಯಮಂಗಲವೇ ಈ ಊರು. ಪಾಲಾರ್ ಹೊಳೆಗೆ ಕಟ್ಟಿದ ಇಲ್ಲಿಯ ಕೆರೆಯ ನೀರು ಗಣಿಯೂರುಗಳ ಬಾಯಾರಿಕೆ ತಣಿಸಿತು. ಪಾಲಾರ್ ಇಲ್ಲಿಂದ ಪೂರ್ವಕ್ಕೆ ಹರಿದು ಕೊನೆಗೆ ಸೇರುವುದು ಕೋರಮಂಡಲದ ಕಡಲನ್ನೇ. ಏರಿಯ ಮೇಲೆ ನಿಂತ ಪ್ರಯಾಣಿಕನಿಗೆ ಈ ಸೀಮೆಯಲ್ಲಿ ಕಣ್ಣು ಚಾಚುವಷ್ಟು ನೀರು ಕಂಡದ್ದು ಅಲ್ಲೊಂದೇ ಕಡೆ. ಆ ಹೊತ್ತಿನಲ್ಲಿ ಆತನಿಗೆ ನೆನಪಾದದ್ದು ಗಂಗ ಅರಸರ ಬಿರುದು. ತಮ್ಮ ಆಳ್ವಿಕೆಯ ನೆಲೆ ತಲಕಾಡಿಗೆ ಸರಿದ ಎಷ್ಟೋ ಶತಮಾನಗಳವರೆಗೂ ಅವರು ತಮ್ಮನ್ನು ‘ಕುವಳಾಲಪುರವರೇಶ್ವರ’ ಎಂದೇ ಕರೆದುಕೊಂಡರು. ಬಿಟ್ಟುಬಂದ ಊರಿನ ಹೆಸರನ್ನು ಹೊತ್ತು ನಡೆಯುವುದು ಅರಸರಿಗೆ ಮಾತ್ರ ಸಲ್ಲುವ ಹಕ್ಕಲ್ಲ.

ಮರಳುವ ಗಾಡಿಯಲ್ಲೂ ಆತನ ಡಬ್ಬಿ ಖಾಲಿಯೇ. ಬಂಗಾರಪೇಟೆಯಲ್ಲಿ ಇಳಿದು ಬೆಂಗಳೂರಿನ ಗಾಡಿಗೆ ಕಾಯುವಾಗ ಬೆಳಗ್ಗೆ ತಪ್ಪಿದ್ದ ಪಾನಿಪುರಿಯೂ ಸಿಕ್ಕಿತು. ಅಷ್ಟರಲ್ಲಿ ಆಚೆಯ ಹಳಿಗೆ ಬೆಂಗಳೂರಿನಿಂದ ಬಂದ ಮಾರಿಕುಪ್ಪಂ ರೈಲು ನಿಂತಿತು. ಕೊರಳಲ್ಲಿ ಕಂಪನಿಯ ಗುರುತುಚೀಟಿ ತೂಗುವ ಹುಡುಗಿಯರು, ಕೈಯಲ್ಲಿ ಖಾಲಿ ಊಟದ ಡಬ್ಬಿ ಹಿಡಿದ ಗಂಡಸರು, ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋದವರು. ಅವರ ಅಜ್ಜಂದಿರು ಮೂರು ಕಿಲೋಮೀಟರ್ ಇಳಿದು ಹತ್ತುತ್ತಿದ್ದರು. ಇವರು ದಿನಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಹೋಗಿ ಬರುತ್ತಾರೆ. ಬೆಂಗಳೂರಿನಲ್ಲೇ ಇದ್ದುಬಿಡಬಹುದಲ್ಲ ಎಂದು ಹೊರಗಿನವನು ಕೇಳಿಯಾನು. ಅವರ ಮನೆ ಇರುವುದು ಗಣಿಯ ಸೀಮೆಯಲ್ಲಿ. ರೈಲು ಹೊರಟಿತು. ಇನ್ನು ಸ್ವಲ್ಪ ಹೊತ್ತಿಗೆ ಅದು ಕೋರಮಂಡಲದಲ್ಲಿ ನಿಲ್ಲುತ್ತದೆ. ಕೆಲವರು ಎದ್ದು, ಫಲಕ ನೋಡದೆಯೇ, ತಮ್ಮ ಊರಿನಲ್ಲಿ ಇಳಿಯುತ್ತಾರೆ.